ಹೋದ ಸೀಸನ್ನೇ ಕಷ್ಟ ಇತ್ತಾ? ಎದುರಾಳಿಗಳ ಗೆಲುವಿನ ಲೆಕ್ಕದಲ್ಲಿ ದೋಷ ಹುಡುಕುವ ಬಗೆ

ಹೋದ ವರ್ಷ ನಮ್ಮ ತಂಡ ಎಂಟು ಪಂದ್ಯಗಳಲ್ಲಿ ಒಂದೇ ಒಂದು ಗೆದ್ದಿತು. ಎರಡು ಡ್ರಾ, ಐದು ಸೋಲು. ಈ ವರ್ಷ ಐದು ಗೆಲುವು, ಎರಡು ಡ್ರಾ, ಒಂದು ಸೋಲು. ಹುಬ್ಬಳ್ಳಿ-ಧಾರವಾಡದ ಐದು ತಂಡಗಳು ಸೇರಿ ನಾವು ನಾವೇ ನಡೆಸಿಕೊಳ್ಳುವ ಭಾನುವಾರದ ಫುಟ್‌ಬಾಲ್ ಲೀಗ್ ಇದು. ಕೇಶ್ವಾಪುರ, ಹಳೇ ಹುಬ್ಬಳ್ಳಿ, ವಿದ್ಯಾನಗರ, ಧಾರವಾಡದ ಸಪ್ತಾಪುರ, ಆಮೇಲೆ ನಾವು. ಪ್ರತಿ ತಂಡ ಉಳಿದ ನಾಲ್ಕರ ಜೊತೆ ಎರಡೆರಡು ಸಲ ಆಡುತ್ತದೆ.

ಸೀಸನ್ ಮುಗಿದ ಮೇಲೆ ಒಂದು ಪ್ರಶ್ನೆ ಎದ್ದಿತು. ಈ ವರ್ಷ ನಾವೇ ಸುಧಾರಿಸಿದೆವಾ, ಇಲ್ಲಾ ಎದುರಿನವರು ಸಪ್ಪೆ ಆಗಿದ್ದರಾ? ನನಗೆ ಇದು ಬರೀ ಹರಟೆಯ ವಿಷಯ ಆಗಿರಲಿಲ್ಲ. ಹೋದ ವರ್ಷ ಹುಡುಗರಿಗೆ ಆಟ ಹೇಳಿಕೊಟ್ಟವರು ನಮ್ಮ ಓಣಿಯ ಕಾಕಾ. ಸೋಲಿನ ಹೊಣೆಯನ್ನೆಲ್ಲ ತಮ್ಮ ಮೇಲೆ ಹಾಕಿಕೊಂಡು, ಮೈದಾನಕ್ಕೆ ಬರುವುದನ್ನೇ ಬಿಟ್ಟರು. ಅವರ ವರ್ಷದ ಎದುರಾಳಿಗಳು ನಿಜಕ್ಕೂ ಗಟ್ಟಿ ಇದ್ದರು ಅಂತ ಲೆಕ್ಕ ತೋರಿಸಿದರೆ, ಅವರ ಮನೆಗೆ ಹೋಗಿ ಹೇಳಬೇಕು ಅಂತ ನನಗೆ ಆಸೆ.

ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟು ಮಾಡಿದೆ. ಹೋದ ವರ್ಷದ ಎದುರಾಳಿಗಳ ಗೆಲುವಿನ ಪ್ರಮಾಣ 0.563 ಬಂತು. ಈ ವರ್ಷದ್ದು 0.438. ಇಷ್ಟು ದೊಡ್ಡ ವ್ಯತ್ಯಾಸ! ಕಾಕಾಗೆ ಫೋನ್ ಮಾಡಲು ಕೈ ಹಾಕಿದ್ದೆ. ಪಕ್ಕದಲ್ಲಿ ತಂಗಿಯ ಮಗಳು ಕೂತಿದ್ದಳು. ಧಾರವಾಡದಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಾಳೆ. ಶೀಟನ್ನು ಒಂದು ನಿಮಿಷ ನೋಡಿ ಹೇಳಿದಳು: "ಮಾಮಾ, ಸ್ವಲ್ಪ ತಡೀರಿ. ಇದರಾಗ ನಮ್ಮ ಮ್ಯಾಚೂ ಕೂಡ್ಯಾವಲ್ಲ."

ಅಲ್ಲಿಂದ ಶುರುವಾದ ಹುಡುಕಾಟ ಇದು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲಿನಲ್ಲಿ ಈ ಲೆಕ್ಕಕ್ಕೆ ಸ್ಟ್ರೆಂತ್ ಆಫ್ ಶೆಡ್ಯೂಲ್ ಅನ್ನುತ್ತಾರೆ. ನಾನು ವೇಳಾಪಟ್ಟಿಯ ಕಷ್ಟ ಅಂತ ಕರೆಯುತ್ತೇನೆ. ನಿಮ್ಮ ಶೀಟಿನಲ್ಲೂ ಎರಡು ಸೀಸನ್ ಹೋಲಿಸುವಾಗ ವಿಚಿತ್ರ ಅಂಕಿ ಬರುತ್ತಿದ್ದರೆ, ಕೆಳಗಿನ ಜಾಗಗಳನ್ನು ಒಂದೊಂದಾಗಿ ನೋಡಿ.

ಮೊದಲು ಲೆಕ್ಕ ಎಷ್ಟು ಸರಳ ಅಂತ ಹೇಳಿಬಿಡುತ್ತೇನೆ. ನೀವು ಆಡಿದ ಪ್ರತಿ ಎದುರಾಳಿಯ ಇಡೀ ಸೀಸನ್ನಿನ ಗೆಲುವು ತೆಗೆದುಕೊಳ್ಳಿ. ಡ್ರಾ ಆದರೆ ಅರ್ಧ ಗೆಲುವು ಅಂತ ಸೇರಿಸಿ. ಎಲ್ಲ ಕೂಡಿಸಿ, ಆ ಎದುರಾಳಿಗಳು ಆಡಿದ ಒಟ್ಟು ಪಂದ್ಯಗಳಿಂದ ಭಾಗಿಸಿ. 0.500ಕ್ಕಿಂತ ಮೇಲೆ ಬಂದರೆ ಎದುರಾಳಿಗಳು ಗಟ್ಟಿ, ಕೆಳಗೆ ಬಂದರೆ ಮೆತ್ತಗೆ. ಎಲ್ಲರೂ ಹೀಗೇ ಓದುತ್ತಾರೆ. ನಾನೂ ಹೀಗೇ ಓದಿದ್ದೆ.

ಅಂಕಿ ತಲೆಬುಡ ಇಲ್ಲದೆ ಬಂದರೆ

ಇದು ಸುಲಭದ ದೋಷ. ಟೈಪಿಂಗಿನಲ್ಲಿ ಇರುತ್ತದೆ.

ಮೊದಲ ದಿನ ನಮ್ಮ ಈ ವರ್ಷದ ದಾಖಲೆಯನ್ನು 5-2-1 ಅಂತ ಒಂದೇ ಮನೆಯಲ್ಲಿ ಬರೆದೆ. ಎಂಟರ್ ಒತ್ತಿದ ಕೂಡಲೇ ಅದು 5 ಫೆಬ್ರವರಿ 2001 ಆಯಿತು. ಶೀಟು ಅದನ್ನು ತಾರೀಖು ಅಂದುಕೊಂಡಿತ್ತು. ತಾರೀಖಿನ ಹಿಂದೆ ಶೀಟು ಒಂದು ದಿನಸಂಖ್ಯೆ ಇಟ್ಟುಕೊಂಡಿರುತ್ತದೆ, ಆ ದಿನಕ್ಕೆ 36927. ಅದನ್ನು ಎಂಟರಿಂದ ಭಾಗಿಸಿದರೆ ಗೆಲುವಿನ ಪ್ರಮಾಣ ನಾಲ್ಕು ಸಾವಿರದ ಮೇಲೆ ಹೋಗುತ್ತದೆ. ಅಷ್ಟು ದೊಡ್ಡ ಅಂಕಿ ಬಂದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಆದರೆ ಐದು ತಂಡಗಳಲ್ಲಿ ಒಂದೇ ತಂಡದ ದಾಖಲೆ ಹೀಗಾಗಿ, ಸೂತ್ರ ಅದನ್ನು ಬಿಟ್ಟು ಮುಂದೆ ಹೋದರೆ ಗೊತ್ತೇ ಆಗುವುದಿಲ್ಲ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಅಂತ ಮಾಡಿದರೆ ತಾರೀಖು ಆಗುವುದಿಲ್ಲ. ಅದಕ್ಕಿಂತ ಒಳ್ಳೆಯದು, ಗೆಲುವು, ಡ್ರಾ, ಸೋಲು ಮೂರಕ್ಕೂ ಬೇರೆ ಬೇರೆ ಕಾಲಂ ಇಡುವುದು.

ಬೇರೆ ಕಾಲಂ ಇಟ್ಟರೆ ಇನ್ನೊಂದು ದೋಷವೂ ತಪ್ಪುತ್ತದೆ. ನಾವು ಬರೆಯುವ ಕ್ರಮ ಗೆಲುವು-ಡ್ರಾ-ಸೋಲು. ಅಮೆರಿಕದವರು ಗೆಲುವು-ಸೋಲು-ಡ್ರಾ ಅಂತ ಬರೆಯುತ್ತಾರೆ. 2022ರ ಸೀಸನ್ನಿನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ದಾಖಲೆ 9-7-1. ಅಂದರೆ ಒಂಬತ್ತು ಗೆಲುವು, ಏಳು ಸೋಲು, ಒಂದು ಡ್ರಾ. ಪ್ರಮಾಣ 9.5 ಭಾಗ 17, ಅಂದರೆ 0.559. ನಮ್ಮ ಕ್ರಮದಲ್ಲಿ ಓದಿದರೆ ಏಳು ಡ್ರಾ ಆಗಿಬಿಡುತ್ತವೆ, ಪ್ರಮಾಣ 0.735ಕ್ಕೆ ಏರುತ್ತದೆ. ಸಾಧಾರಣ ತಂಡವೊಂದು ಬಲಿಷ್ಠ ತಂಡದಂತೆ ಕಾಣುತ್ತದೆ.

ಹೆಸರಿನ ಕಾಗುಣಿತವೂ ಕೈ ಕೊಡುತ್ತದೆ. ಒಂದು ಶೀಟಿನಲ್ಲಿ "ಹಳೇ ಹುಬ್ಬಳ್ಳಿ" ಅಂತ ಬರೆದಿದ್ದೆ, ಇನ್ನೊಂದರಲ್ಲಿ "ಹಳೆ ಹುಬ್ಬಳ್ಳಿ". ಓದುವವರಿಗೆ ಎರಡೂ ಒಂದೇ. ಶೀಟಿಗೆ ಅವು ಎರಡು ತಂಡ. "ಕೇಶ್ವಾಪುರ" ಆದ ಮೇಲೆ ಬೆರಳು ತಾಗಿ ಒಂದು ಖಾಲಿ ಜಾಗ ಸೇರಿದರೂ ಅದೇ ಕತೆ. ಹೆಸರು ಸಿಗದೆ ದೋಷ ತೋರಿಸಿದರೆ ಚಿಂತೆಯಿಲ್ಲ, ಸರಿ ಮಾಡಬಹುದು. ಆ ದೋಷ ಕಾಣಬಾರದು ಅಂತ ಸೂತ್ರದ ಮೇಲೆ ಇಫ್‌ಎರರ್ ಹಾಕಿ ಸೊನ್ನೆ ಬರುವಂತೆ ಮಾಡಿದ್ದರೆ, ಆ ತಂಡ ಒಂದೂ ಪಂದ್ಯ ಗೆಲ್ಲದ ತಂಡ ಆಗಿಬಿಡುತ್ತದೆ. ದಯವಿಟ್ಟು ಅದನ್ನು ತೆಗೆಯಿರಿ. ಹೆಸರು ಹುಡುಕಿ ಅದರ ಅಂಕಿ ತರುವ ವಿಲುಕಪ್ ಬಳಸುವವರು ಸೂತ್ರದ ನಾಲ್ಕನೇ ಜಾಗವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಅದು ಹತ್ತಿರದ ಹೆಸರನ್ನು ಹುಡುಕುತ್ತದೆ, ಅಕಾರಾದಿಯಲ್ಲಿ ಇಲ್ಲದ ಪಟ್ಟಿಯಲ್ಲಿ ಬೇರೆ ಯಾವುದೋ ತಂಡದ ಅಂಕಿ ತಂದು ಕೂರಿಸುತ್ತದೆ. ಅಲ್ಲಿ ಫಾಲ್ಸ್ ಅಂತಲೇ ಇರಬೇಕು.

ಇಷ್ಟೆಲ್ಲ ಸರಿ ಇದೆಯಾ ಅಂತ ನೋಡಲು ಒಂದು ತಾಳೆ ಉಂಟು. ಲೀಗಿನಲ್ಲಿ ನಡೆದ ಒಟ್ಟು ಪಂದ್ಯ ಎಷ್ಟೋ, ಎಲ್ಲ ತಂಡಗಳ ಗೆಲುವು ಮತ್ತು ಅರ್ಧ ಡ್ರಾಗಳ ಮೊತ್ತವೂ ಅಷ್ಟೇ ಇರಬೇಕು. ನಮ್ಮ ಲೀಗಿನಲ್ಲಿ 20 ಪಂದ್ಯ, ಮೊತ್ತವೂ 20. ಅಂಗಡಿಯವರು ರಾತ್ರಿ ಗಲ್ಲಾ ತಾಳೆ ನೋಡಿದ ಹಾಗೆ. 19.5 ಬಂದರೆ ಎಲ್ಲೋ ಒಂದು ಡ್ರಾ ಒಂದೇ ಕಡೆ ಬರೆದಿದ್ದೀರಿ.

ನನ್ನ ಶೀಟು ಈ ತಾಳೆಯಲ್ಲಿ ಪಾಸಾಗಿತ್ತು. 0.563 ಅನ್ನುವುದು ಕೂಡಿಸುವ ತಪ್ಪು ಅಲ್ಲ. ತಪ್ಪು ಇನ್ನೂ ಒಳಗಿತ್ತು.

ಸೋತ ವರ್ಷವೆಲ್ಲ ಕಷ್ಟ, ಗೆದ್ದ ವರ್ಷವೆಲ್ಲ ಸುಲಭ ಅಂತ ಬಂದರೆ

ನಿಮ್ಮ ಶೀಟಿನಲ್ಲಿ ನಾಲ್ಕೈದು ಸೀಸನ್ ಇದ್ದರೆ ಒಂದು ಕೆಲಸ ಮಾಡಿ. ಒಂದು ಕಡೆ ನಿಮ್ಮ ತಂಡದ ಗೆಲುವಿನ ಪ್ರಮಾಣ, ಪಕ್ಕದಲ್ಲಿ ವೇಳಾಪಟ್ಟಿಯ ಕಷ್ಟ ಬರೆಯಿರಿ. ಒಂದು ಏರಿದಾಗೆಲ್ಲ ಇನ್ನೊಂದು ಇಳಿಯುತ್ತಿದ್ದರೆ, ನೀವು ಎದುರಾಳಿಗಳನ್ನು ಅಳೆಯುತ್ತಿಲ್ಲ. ನಿಮ್ಮ ತಂಡವನ್ನೇ ಕನ್ನಡಿಯಲ್ಲಿ ನೋಡುತ್ತಿದ್ದೀರಿ.

ಯಾಕೆ ಅಂತ ನಮ್ಮ ಹೋದ ವರ್ಷದ ಪಟ್ಟಿಯಲ್ಲೇ ತೋರಿಸುತ್ತೇನೆ. ಅರ್ಧ ಡ್ರಾ ಸೇರಿಸಿದರೆ ಎಂಟು ಪಂದ್ಯಗಳಲ್ಲಿ ಕೇಶ್ವಾಪುರ 6, ಹಳೇ ಹುಬ್ಬಳ್ಳಿ 5, ವಿದ್ಯಾನಗರ 4, ಸಪ್ತಾಪುರ 3. ಕೂಡಿಸಿದರೆ 18. ನಾಲ್ಕು ತಂಡ, ತಲಾ ಎಂಟು ಪಂದ್ಯ, 32. ಹದಿನೆಂಟು ಭಾಗ ಮೂವತ್ತೆರಡು, 0.563. ಲೆಕ್ಕ ಸರಿ.

ಆದರೆ ಆ 18 ಎಲ್ಲಿಂದ ಬಂತು? ಕೇಶ್ವಾಪುರದವರು ನಮ್ಮನ್ನು ಎರಡೂ ಸಲ ಸೋಲಿಸಿದರು, ಅವರ ಆರರಲ್ಲಿ ಎರಡು ನಾವು ಕೊಟ್ಟದ್ದು. ಹಳೇ ಹುಬ್ಬಳ್ಳಿಗೆ ಒಂದು ಸೋತು ಒಂದು ಡ್ರಾ ಮಾಡಿಕೊಂಡೆವು, ಅಲ್ಲಿ ಒಂದೂವರೆ. ವಿದ್ಯಾನಗರಕ್ಕೂ ಒಂದೂವರೆ. ಸಪ್ತಾಪುರದ ಮೇಲೆ ಒಂದು ಗೆದ್ದು ಒಂದು ಸೋತೆವು, ಅಲ್ಲಿ ಒಂದು. ಒಟ್ಟು ಆರು. ಹದಿನೆಂಟರಲ್ಲಿ ಆರು, ಅಂದರೆ ಮೂರರಲ್ಲಿ ಒಂದು ಭಾಗ, ನಮ್ಮ ಕೈಯಿಂದಲೇ ಹೋದ ಗೆಲುವು. ನಾವು ಸೋತೆವು, ಅದಕ್ಕೇ ಅವರ ದಾಖಲೆ ಚೆಂದ ಆಯಿತು. ಅವರ ದಾಖಲೆ ಚೆಂದ ಇತ್ತು, ಅದಕ್ಕೇ ನಾವು ಸೋತೆವು ಅಂತ ನಾನು ಓದುತ್ತಿದ್ದೆ.

ಇದಕ್ಕೆ ಪರಿಹಾರ ಒಂದೇ. ಪ್ರತಿ ಎದುರಾಳಿಯ ದಾಖಲೆಯಿಂದ ನಿಮ್ಮ ಜೊತೆ ಆಡಿದ ಪಂದ್ಯಗಳನ್ನು ತೆಗೆದುಹಾಕಬೇಕು. ಗೆಲುವಿನಿಂದಲೂ ತೆಗೆಯಿರಿ, ಆಡಿದ ಪಂದ್ಯಗಳ ಸಂಖ್ಯೆಯಿಂದಲೂ ತೆಗೆಯಿರಿ. ಎಷ್ಟೋ ಜನ ಗೆಲುವು ಮಾತ್ರ ಕಳೆದು ಪಂದ್ಯದ ಸಂಖ್ಯೆ ಹಾಗೇ ಬಿಡುತ್ತಾರೆ, ಆಗ ಎಲ್ಲರೂ ದುರ್ಬಲರಾಗಿ ಕಾಣುತ್ತಾರೆ. ನಮ್ಮ ಪಟ್ಟಿಯಲ್ಲಿ ತೆಗೆದ ಮೇಲೆ ಕೇಶ್ವಾಪುರ ಆರು ಪಂದ್ಯಗಳಲ್ಲಿ 4, ಹಳೇ ಹುಬ್ಬಳ್ಳಿ 3.5, ವಿದ್ಯಾನಗರ 2.5, ಸಪ್ತಾಪುರ 2. ಮೊತ್ತ 12. ಭಾಗ 24. ಬಂದದ್ದು 0.500.

ಈ ವರ್ಷದ್ದನ್ನೂ ಹಾಗೇ ಮಾಡಿದೆ. 3.5, 3, 3, 2.5. ಮತ್ತೆ 12 ಭಾಗ 24. ಮತ್ತೆ 0.500.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕಾಕಾಗೆ ಹೇಳಬೇಕಿದ್ದ ಮಾತು ಕೈತಪ್ಪಿ ಹೋಗಿತ್ತು.

ಎಷ್ಟು ಮಾಡಿದರೂ 0.500 ಬಂದರೆ

ಇದು ಶೀಟಿನ ದೋಷ ಅಲ್ಲ. ಲೀಗಿನ ಸ್ವಭಾವ.

ಎಲ್ಲರೂ ಎಲ್ಲರ ಜೊತೆ ಸಮ ಸಲ ಆಡುವ ಲೀಗಿನಲ್ಲಿ, ನಿಮ್ಮ ಪಂದ್ಯ ತೆಗೆದ ಮೇಲೆ ಉಳಿಯುವುದು ಎದುರಾಳಿಗಳು ತಮ್ಮತಮ್ಮೊಳಗೆ ಆಡಿದ ಪಂದ್ಯ ಮಾತ್ರ. ಅಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಹಾಗಾಗಿ ಸರಾಸರಿ ಯಾವತ್ತೂ ಅರ್ಧವೇ. ನಾಲ್ವರೂ ದೇಶದ ಅತ್ಯುತ್ತಮ ತಂಡಗಳಾಗಿದ್ದರೂ 0.500. ನಾಲ್ವರೂ ನಿನ್ನೆ ಬೂಟು ಕಟ್ಟಿದ ಮಕ್ಕಳಾಗಿದ್ದರೂ 0.500. ಗೆಲುವು ಬಿಟ್ಟು ಗೋಲಿನ ಅಂತರ ಹಾಕಿ ನೋಡೋಣ ಅಂತ ನಾನು ಅದನ್ನೂ ಮಾಡಿದೆ. ಅದೂ ಸೊನ್ನೆಗೇ ಬಂದು ನಿಂತಿತು. ಒಬ್ಬರು ಹೊಡೆದ ಗೋಲು ಇನ್ನೊಬ್ಬರು ಬಿಟ್ಟ ಗೋಲು ಅಲ್ವಾ?

ಚಿಕ್ಕ ಲೀಗ್ ಅಂತ ಹೀಗಾಯಿತಾ ಅನ್ನಿಸಿ, ಇಂಡಿಯನ್ ಸೂಪರ್ ಲೀಗಿನ ಪಟ್ಟಿ ತೆಗೆದೆ. ಬೆಂಗಳೂರು ಎಫ್‌ಸಿ 2023-24ರಲ್ಲಿ 22 ಪಂದ್ಯ ಆಡಿ 5 ಗೆದ್ದು, 7 ಡ್ರಾ ಮಾಡಿ, 10 ಸೋತಿತ್ತು. 2024-25ರಲ್ಲಿ 24 ಪಂದ್ಯಗಳಲ್ಲಿ 11 ಗೆಲುವು, 5 ಡ್ರಾ, 8 ಸೋಲು. ಮೊದಲ ಸೀಸನ್ನಿನಲ್ಲಿ 12 ತಂಡ, ಎರಡನೆಯದರಲ್ಲಿ 13. ಎರಡರಲ್ಲೂ ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಿದ್ದಾರೆ. ಹಾಗಾಗಿ ಉಳಿದ ತಂಡಗಳ ಪಟ್ಟಿ ನೋಡದೆಯೇ ಲೆಕ್ಕ ಹೇಳಬಹುದು. 12 ತಂಡಗಳ ಪ್ರಮಾಣದ ಮೊತ್ತ 6. ಅದರಲ್ಲಿ ಬೆಂಗಳೂರಿನ 0.386 ಕಳೆದು 11ರಿಂದ ಭಾಗಿಸಿದರೆ 0.510. ಮುಂದಿನ ವರ್ಷ 6.5ರಲ್ಲಿ 0.5625 ಕಳೆದು 12ರಿಂದ ಭಾಗಿಸಿದರೆ 0.495. ಮೇಲ್ನೋಟಕ್ಕೆ ಮೊದಲನೆಯದು ಕಷ್ಟದ ಸೀಸನ್. ನಿಜದಲ್ಲಿ ಆ ವ್ಯತ್ಯಾಸ ಪೂರ್ತಿ ಬೆಂಗಳೂರು ತಂಡದ ಸ್ವಂತ ಫಲಿತಾಂಶದ ನೆರಳು. ತಂಡದ ಸಂಖ್ಯೆ ಜಾಸ್ತಿ ಆದಷ್ಟೂ ನೆರಳು ಚಿಕ್ಕದಾಗುತ್ತದೆ, ಐದು ತಂಡದ ನಮ್ಮ ಲೀಗಿನಲ್ಲಿ ಅದು ಮೈದಾನವನ್ನೇ ಮುಚ್ಚಿತ್ತು.

ಸೀಸನ್ ಅರ್ಧದಲ್ಲಿದ್ದರೆ ಮಾತ್ರ ಬೇರೆ. ಯಾರು ಯಾರ ಜೊತೆ ಆಡಿ ಆಗಿದೆ ಅನ್ನುವುದು ಆಗ ಸಮ ಇರುವುದಿಲ್ಲ. ಜುಲೈ ಮಳೆಗೆ ನಮ್ಮಲ್ಲಿ ಎರೆ ಮಣ್ಣಿನ ಮೈದಾನ ಅಂಟಂಟಾಗಿ, ಬೂಟಿನ ಕೆಳಗೆ ಇನ್ನೊಂದು ಬೂಟು ಕಟ್ಟಿದ ಹಾಗೆ ಮಣ್ಣು ಹತ್ತುತ್ತದೆ. ಪಂದ್ಯ ಮುಂದಕ್ಕೆ ಹೋಗುತ್ತದೆ. ಆಗ ಉಳಿದ ಪಂದ್ಯಗಳಲ್ಲಿ ಯಾರ ದಾರಿ ಕಠಿಣ ಅಂತ ಈ ಲೆಕ್ಕ ಸರಿಯಾಗಿಯೇ ಹೇಳುತ್ತದೆ. ಒಂದು ಎಚ್ಚರ ಇರಲಿ. ಪಂದ್ಯಗಳ ಸಂಖ್ಯೆ ಬೇರೆ ಬೇರೆ ಇದ್ದಾಗ ಪ್ರಮಾಣಗಳ ಸರಾಸರಿ ತೆಗೆಯಬೇಡಿ. ಒಂದು ತಂಡ ಎರಡಕ್ಕೆ ಎರಡು ಗೆದ್ದಿದೆ, ಇನ್ನೊಂದು ಹತ್ತಕ್ಕೆ ಮೂರು ಗೆದ್ದಿದೆ ಅಂದುಕೊಳ್ಳಿ. ಪ್ರಮಾಣಗಳ ಸರಾಸರಿ 0.650. ಒಟ್ಟು ಗೆಲುವು ಭಾಗ ಒಟ್ಟು ಪಂದ್ಯ ಅಂದರೆ 5 ಭಾಗ 12, ಅದು 0.417. ಎರಡೇ ಪಂದ್ಯ ಆಡಿದವರಿಗೆ ಅಷ್ಟು ತೂಕ ಕೊಡಬಾರದು.

ಈ ಲೆಕ್ಕಕ್ಕೆ ಅರ್ಥ ಇರುವ ಜಾಗ

ಅಮೆರಿಕದ ಫುಟ್‌ಬಾಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಒಂದು ತಂಡ ಆಡುವುದು 17 ಪಂದ್ಯ, ಎದುರಾಗುವುದು 14 ತಂಡ ಮಾತ್ರ. ತನ್ನ ಗುಂಪಿನ ಮೂವರ ಜೊತೆ ಎರಡೆರಡು ಸಲ, ಬೇರೆ ಹನ್ನೊಂದು ತಂಡಗಳ ಜೊತೆ ಒಂದೊಂದು ಸಲ. ಉಳಿದ ಹದಿನೇಳು ತಂಡಗಳ ಮುಖವನ್ನೂ ನೋಡುವುದಿಲ್ಲ. ಇಲ್ಲಿ ವೇಳಾಪಟ್ಟಿ ನಿಜವಾಗಲೂ ಒಬ್ಬರಿಗೊಂದು ತರ. ಸ್ಟ್ರೆಂತ್ ಆಫ್ ಶೆಡ್ಯೂಲ್ ಅನ್ನುವುದು ಹುಟ್ಟಿದ್ದೇ ಇಂಥ ಜಾಗದ ಅಗತ್ಯಕ್ಕೆ. ನಾನು ಅದನ್ನು ಎಲ್ಲರೂ ಎಲ್ಲರ ಜೊತೆ ಆಡುವ ಮೈದಾನಕ್ಕೆ ತಂದಿದ್ದೆ.

ಅಲ್ಲಿಯೂ ನೆರಳು ಇದೆ. ಹದಿನೇಳು ಎದುರಾಟ, ಪ್ರತಿ ಎದುರಾಳಿಯ ಹದಿನೇಳು ಪಂದ್ಯ, ಒಟ್ಟು 289. ಗುಂಪಿನ ತಂಡವನ್ನು ಎರಡು ಸಲ ಆಡಿದ್ದರಿಂದ ಎರಡು ಸಲವೇ ಎಣಿಸುತ್ತಾರೆ. ಆ 289ರಲ್ಲಿ ನಿಮ್ಮದೇ ಪಂದ್ಯ ಎಷ್ಟು? ಒಂದೊಂದು ಸಲ ಆಡಿದವರಿಂದ 11. ಗುಂಪಿನವರಿಂದ ಆರು ಸಲ ಎರಡೆರಡು, ಅಂದರೆ 12. ಒಟ್ಟು 23. ಉಳಿದ 266ರಲ್ಲಿ ಎದುರಾಳಿಗಳು ಸರಿಯಾಗಿ ಅರ್ಧ ಗೆದ್ದಿದ್ದಾರೆ ಅಂತ ಇಟ್ಟುಕೊಳ್ಳಿ. ನೀವು ಹದಿನೇಳಕ್ಕೆ ಹದಿನೇಳು ಗೆದ್ದರೆ ನಿಮ್ಮ ವೇಳಾಪಟ್ಟಿ 0.460 ಕಾಣುತ್ತದೆ. ಒಂದೂ ಗೆಲ್ಲದಿದ್ದರೆ 0.540. ಎದುರಾಳಿಗಳು ಅವರೇ, ವೇಳಾಪಟ್ಟಿ ಅದೇ. ಬದಲಾದದ್ದು ನೀವು ಮಾತ್ರ.

2007ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಲೀಗಿನ ಹದಿನಾರೂ ಪಂದ್ಯ ಗೆದ್ದರು. ಮರುವರ್ಷ ಡೆಟ್ರಾಯಿಟ್ ಲಯನ್ಸ್ ಹದಿನಾರೂ ಸೋತರು. ಆಗ ಪಂದ್ಯ ಹದಿನಾರು, ಹಾಗಾಗಿ ಒಟ್ಟು 256, ಅದರಲ್ಲಿ ಸ್ವಂತದ್ದು 22. ಪೇಟ್ರಿಯಟ್ಸ್ ಎದುರಾಳಿಗಳ ಸೋಲಿನ ಕಾಲಂನಲ್ಲಿ 22 ಅವರೇ ಬರೆದದ್ದು. ಲಯನ್ಸ್ ಎದುರಾಳಿಗಳ ಗೆಲುವಿನ ಕಾಲಂನಲ್ಲಿ 22 ಲಯನ್ಸ್ ಕೊಟ್ಟದ್ದು. ಆ 22 ತೆಗೆಯದೆ ಇವರಿಬ್ಬರ ಸೀಸನ್ ಪಕ್ಕ ಇಟ್ಟು, ಯಾರ ದಾರಿ ಕಠಿಣ ಅಂತ ಕೇಳುವುದು ನ್ಯಾಯ ಅಲ್ಲ.

ಹಾಗಾದರೆ ಎನ್‌ಎಫ್‌ಎಲ್‌ನವರೇ ಯಾಕೆ ಸ್ವಂತ ಪಂದ್ಯ ಸೇರಿಸಿಯೇ ಎಣಿಸುತ್ತಾರೆ? ಅವರು ಅದನ್ನು ಬಳಸುವ ಜಾಗ ಬೇರೆ. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಎರಡು ತಂಡಗಳ ದಾಖಲೆ ಸಮ ಆದಾಗ, ಸುಲಭದ ವೇಳಾಪಟ್ಟಿ ಇದ್ದ ತಂಡಕ್ಕೆ ಮೊದಲ ಸರದಿ ಕೊಡುತ್ತಾರೆ. ಒಂದೇ ಸೀಸನ್, ಒಂದೇ ದಾಖಲೆ. ಇಬ್ಬರ ನೆರಳೂ ಹೆಚ್ಚುಕಡಿಮೆ ಸಮ, ಹಾಗಾಗಿ ಅಲ್ಲಿ ಹಾನಿ ಕಡಿಮೆ. ನಾಲ್ಕು ಗೆದ್ದ ಸೀಸನ್ನನ್ನು ಹದಿಮೂರು ಗೆದ್ದ ಸೀಸನ್ ಪಕ್ಕ ಇಡುವಾಗ ಆ ಸಮಾಧಾನ ಇಲ್ಲ.

289 ಅನ್ನುವ ಸಂಖ್ಯೆಯನ್ನು ತಾಳೆಗೂ ಬಳಸಿಕೊಳ್ಳಿ. 2021ರಿಂದ ಈಚೆಗೆ ಯಾವ ತಂಡದ ಎದುರಾಳಿಗಳ ಪಂದ್ಯ ಕೂಡಿಸಿದರೂ ಅಷ್ಟೇ ಬರಬೇಕು, ಅದಕ್ಕೂ ಹಿಂದಿನ ಹದಿನಾರು ಪಂದ್ಯದ ಸೀಸನ್ನುಗಳಲ್ಲಿ 256. ಕಡಿಮೆ ಬಂದರೆ ಗುಂಪಿನವರನ್ನು ಒಂದೇ ಸಲ ಎಣಿಸಿದ್ದೀರಿ. 2022ರ ಸೀಸನ್ ಮಾತ್ರ ಇದಕ್ಕೆ ಹೊರತು. ಬಫಲೋ ಮತ್ತು ಸಿನ್ಸಿನಾಟಿ ನಡುವಿನ ಪಂದ್ಯದಲ್ಲಿ ಆಟಗಾರ ಡಮಾರ್ ಹ್ಯಾಮ್ಲಿನ್ ಹೃದಯ ನಿಂತು ಕುಸಿದುಬಿದ್ದರು. ಪಂದ್ಯ ರದ್ದಾಯಿತು. ಹಾಗಾಗಿ ಆ ಎರಡು ತಂಡಗಳಿಗೆ ಆ ವರ್ಷ ಹದಿನಾರೇ ಪಂದ್ಯ. ಅವರನ್ನು ಎದುರಿಸಿದವರ ಮೊತ್ತ ಅಷ್ಟರಮಟ್ಟಿಗೆ ಕಡಿಮೆ ಇರುತ್ತದೆ, ಅದು ನಿಮ್ಮ ತಪ್ಪಲ್ಲ.

ಎದುರಾಳಿಯೇ ಸುಲಭದ ತಂಡಗಳನ್ನು ಹೊಡೆದು ದಾಖಲೆ ಮಾಡಿಕೊಂಡಿದ್ದರೆ? ಈ ಪ್ರಶ್ನೆ ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ದೊಡ್ಡದು, ಅಲ್ಲಿ ನೂರಕ್ಕೂ ಜಾಸ್ತಿ ತಂಡಗಳು, ಪಂದ್ಯಗಳು ಹನ್ನೆರಡರ ಆಸುಪಾಸು. ಅಲ್ಲಿಯ ತಂಡಗಳಿಗೆ ಸ್ಥಾನ ಕೊಡಲು 1998ರಲ್ಲಿ ಶುರುವಾದ ಬಿಸಿಎಸ್ ಪದ್ಧತಿಯಲ್ಲಿ ಇದಕ್ಕೆ ಒಂದು ದಾರಿ ಮಾಡಿದ್ದರು. ಎದುರಾಳಿಗಳ ದಾಖಲೆಗೆ ಮೂರರಲ್ಲಿ ಎರಡು ಪಾಲು, ಎದುರಾಳಿಗಳ ಎದುರಾಳಿಗಳ ದಾಖಲೆಗೆ ಒಂದು ಪಾಲು. ನಿಮ್ಮ ಲೀಗ್ ದೊಡ್ಡದಿದ್ದರೆ ಈ ಎರಡನೇ ಹಂತ ಸೇರಿಸುವುದು ಒಳ್ಳೆಯದು.

ಎರಡು ಸೀಸನ್ ಪಕ್ಕಪಕ್ಕ ಇಡುವಾಗ

ನಿಯಮ ಬದಲಾಗಿದೆಯಾ ನೋಡಿ. ಎನ್‌ಎಫ್‌ಎಲ್ 1972ರಿಂದ ಡ್ರಾವನ್ನು ಅರ್ಧ ಗೆಲುವು ಅಂತ ಎಣಿಸುತ್ತದೆ. ಅದಕ್ಕೂ ಮುಂಚೆ ಪ್ರಮಾಣದ ಲೆಕ್ಕದಲ್ಲಿ ಡ್ರಾ ಬರುತ್ತಲೇ ಇರಲಿಲ್ಲ. ಹಳೆಯ ಸೀಸನ್ನಿನ ಅಚ್ಚಾದ ಪ್ರಮಾಣ ಹಾಗೇ ಎತ್ತಿಕೊಂಡರೆ ಹೋಲಿಕೆ ಕೆಡುತ್ತದೆ. ನಮ್ಮ ತರದ ಫುಟ್‌ಬಾಲಿನಲ್ಲಿ ಇಂಗ್ಲೆಂಡಿನ ಲೀಗ್ ಗೆಲುವಿಗೆ ಮೂರು ಅಂಕ ಕೊಡಲು ಶುರು ಮಾಡಿದ್ದು 1981ರಲ್ಲಿ. ವಿಶ್ವಕಪ್‌ನಲ್ಲಿ ಅದು ಬಂದದ್ದು 1994ರಲ್ಲಿ. ಮೂರು ಅಂಕದ ಪದ್ಧತಿಯಲ್ಲಿ ಡ್ರಾ ಜಾಸ್ತಿ ಆದ ವರ್ಷ ಲೀಗಿನ ಒಟ್ಟು ಅಂಕವೇ ಇಳಿಯುತ್ತದೆ, ಎದುರಾಳಿಗಳು ಸುಮ್ನೆ ದುರ್ಬಲರಾಗಿ ಕಾಣುತ್ತಾರೆ. ಹಾಗಾಗಿ ಅಂಕ ಬಿಟ್ಟು, ಗೆಲುವು ಮತ್ತು ಅರ್ಧ ಡ್ರಾ ಹಾಕಿ ಮೊದಲಿಂದ ಲೆಕ್ಕ ಮಾಡಿ.

ನಾಕೌಟ್ ಪಂದ್ಯ, ಪೆನಾಲ್ಟಿಯಲ್ಲಿ ಸಿಕ್ಕ ಗೆಲುವು, ಸ್ನೇಹಕ್ಕೆ ಆಡಿದ ಪಂದ್ಯ ಯಾವುದೂ ಬೆರೆಯಬಾರದು. ಒಂದು ವರ್ಷ ಬೆರೆಸಿ ಇನ್ನೊಂದು ವರ್ಷ ಬಿಟ್ಟರಂತೂ ಅಂಕಿಗೆ ಬೆಲೆಯೇ ಇಲ್ಲ.

ಕೊನೆಯದಾಗಿ, ಯಾವ ವರ್ಷದ ದಾಖಲೆ ಅನ್ನುವುದು. ಸೀಸನ್ ಶುರುವಾಗುವ ಮುಂಚೆ ಪತ್ರಿಕೆಗಳಲ್ಲಿ ಬರುವ ವೇಳಾಪಟ್ಟಿಯ ಕಷ್ಟ, ಎದುರಾಳಿಗಳ ಹೋದ ವರ್ಷದ ದಾಖಲೆಯಿಂದ ಮಾಡಿದ್ದು. ಸೀಸನ್ ಮುಗಿದ ಮೇಲೆ ಮಾಡುವುದು ಆ ವರ್ಷದ ದಾಖಲೆಯಿಂದ. ಮೊದಲನೆಯದು ಊಹೆ, ಎರಡನೆಯದು ನಡೆದದ್ದು. ನಡುವೆ ಆಟಗಾರರು ಬದಲಾಗುತ್ತಾರೆ. 2008ರಲ್ಲಿ ಪೇಟ್ರಿಯಟ್ಸ್ ಜೊತೆ ಆಡಬೇಕಿದ್ದವರಿಗೆ ಊಹೆಯ ಲೆಕ್ಕದಲ್ಲಿ ಅದು 16-0 ತಂಡ. ಸೀಸನ್ನಿನ ಮೊದಲ ಪಂದ್ಯದಲ್ಲೇ ತಂಡದ ಮುಖ್ಯ ಆಟಗಾರ ಟಾಮ್ ಬ್ರೇಡಿ ಗಾಯಗೊಂಡು ವರ್ಷವಿಡೀ ಹೊರಗುಳಿದರು, ತಂಡ 11-5ಕ್ಕೆ ನಿಂತಿತು. ಒಂದು ಸೀಸನ್ನಿಗೆ ಊಹೆಯ ಅಂಕಿ, ಇನ್ನೊಂದಕ್ಕೆ ನಡೆದ ಅಂಕಿ ಇಟ್ಟು ಹೋಲಿಸಿದವರನ್ನು ನಾನು ನೋಡಿದ್ದೇನೆ. ಕಾಲಂನ ತಲೆಬರಹದಲ್ಲಿ ಯಾವ ವರ್ಷದ ದಾಖಲೆ ಅಂತ ಬರೆದಿಟ್ಟರೆ ಈ ತಪ್ಪು ಆಗುವುದಿಲ್ಲ.

ನಮ್ಮಂಥ ಚಿಕ್ಕ ಲೀಗಿಗೆ ಏನು ದಾರಿ

ಒಳಗಿನ ಲೆಕ್ಕ 0.500ಕ್ಕೇ ಬರುವುದಾದರೆ ಅಳತೆ ಹೊರಗಿನಿಂದ ಬರಬೇಕು. ಇದನ್ನೂ ಹೇಳಿದ್ದು ತಂಗಿಯ ಮಗಳೇ. "ಲೀಗಿನ ಹೊರಗ ಇವರು ಯಾರ ಕೂಡ ಆಡ್ಯಾರ, ಅದನ್ನ ಹುಡುಕ್ರಿ ಮಾಮಾ." ನಮ್ಮ ಲೀಗಿನ ತಂಡಗಳು ವರ್ಷಕ್ಕೆ ಎರಡು ಮೂರು ಸಲ ಗದಗ, ಹಾವೇರಿ ಕಡೆ ಹೋಗಿ ಆಡಿ ಬರುತ್ತವೆ. ಎರಡೂ ವರ್ಷ ಅಲ್ಲಿಯ ಅದೇ ತಂಡಗಳ ಜೊತೆ ನಮ್ಮ ನಾಲ್ಕು ಎದುರಾಳಿಗಳು ಹೇಗೆ ಆಡಿದರು ಅಂತ ಗೊತ್ತಾದರೆ ಒಂದು ಕೋಲು ಸಿಕ್ಕಂತೆ. ಆ ಹೊರಗಿನ ತಂಡವೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ನಿಜ. ಆದರೂ ನಮ್ಮ ಸ್ವಂತ ಸೋಲು ಅದರೊಳಗೆ ಕೂತಿರುವುದಿಲ್ಲ.

ಎದುರಾಳಿಗಳ ನಡುವಿನ ಅಂತರವನ್ನೂ ನೋಡಿ. ನಮ್ಮ ಎರಡೂ ವರ್ಷದ ಸರಾಸರಿ ಒಂದೇ, ಆದರೆ ಹೋದ ವರ್ಷ 4ರಿಂದ 2ರವರೆಗೆ ಚದುರಿತ್ತು, ಈ ವರ್ಷ 3.5ರಿಂದ 2.5ರೊಳಗೆ ಇತ್ತು. ಹೋದ ವರ್ಷ ತಂಡಗಳ ನಡುವೆ ಅಂತರ ಜಾಸ್ತಿ ಇತ್ತು, ಈ ವರ್ಷ ಎಲ್ಲರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿದ್ದರು ಅಂತ ಇದು ಹೇಳುತ್ತದೆ. ಅದಕ್ಕಿಂತ ಜಾಸ್ತಿ ಏನನ್ನೂ ಇದರಿಂದ ಎಳೆಯಬೇಡಿ.

ಹೊರಗಿನ ಪಂದ್ಯಗಳ ಫಲಿತಾಂಶ ನಾವು ಯಾರೂ ಬರೆದಿಟ್ಟಿರಲಿಲ್ಲ. ಈ ವರ್ಷದ್ದು ನಾಲ್ಕೂ ತಂಡದವರನ್ನು ಕೇಳಿ ಆರು ಪಂದ್ಯದ್ದು ಸಿಕ್ಕಿತು. ಹೋದ ವರ್ಷದ್ದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಕಾಕಾನ ಮನೆಗೇ ಹೋದೆ. 0.563ರ ಸುದ್ದಿ ಹೇಳಲು ಹೋಗಬೇಕಿದ್ದವನು, ಶೀಟು ತಪ್ಪಿತ್ತು ಅನ್ನುವುದನ್ನೂ ಬಿಡಿಸಿ ಹೇಳಿದೆ. ಎದುರಾಳಿಗಳು ಗಟ್ಟಿ ಇದ್ದರು ಅಂತಲೂ ಈ ಲೆಕ್ಕ ಹೇಳುವುದಿಲ್ಲ, ಮೆತ್ತಗಿದ್ದರು ಅಂತಲೂ ಹೇಳುವುದಿಲ್ಲ ಅಂದೆ. ಕಾಕಾ ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ, ರಬ್ಬರ್ ಬ್ಯಾಂಡ್ ಹಾಕಿದ ಒಂದು ಸಣ್ಣ ಡೈರಿ ತಂದರು.

"ಗದಗಿಗೆ, ಹಾವೇರಿಗೆ ಎಲ್ಲಾ ತಂಡದ ಮ್ಯಾಚ್ ನೋಡಾಕ ಹೋಗತಿದ್ದೆ. ನಮ್ಮ ಹುಡುಗರಿಗೆ ಹೇಳಬೇಕಲ್ಲಪಾ, ಯಾರು ಹೆಂಗ ಆಡತಾರ ಅಂತ. ಬರದದ್ದು ಐತಿ, ನೋಡು."

ಒಂದೊಂದು ಪುಟಕ್ಕೆ ಒಂದು ಪಂದ್ಯ. ತಾರೀಖು, ಊರು, ಎರಡೂ ತಂಡ, ಗೋಲು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಮಳೆ", "ಕೇಶ್ವಾಪುರದ ಎಡಗಡೆಯವ ಭಾಳ ಜೋರು", "ಸಪ್ತಾಪುರ ಕಡೀಗೆ ಹತ್ತು ಮಂದಿ". ಹದಿನಾಲ್ಕು ಪಂದ್ಯ ಇದ್ದವು. ಹಾವೇರಿಯ ಒಂದು ತಂಡ ಮತ್ತು ಗದಗಿನ ಎರಡು ತಂಡಗಳ ವಿರುದ್ಧ ಆಡಿದ ಒಂಬತ್ತು ಮಾತ್ರ ಈ ವರ್ಷದ್ದರ ಪಕ್ಕ ಇಡಲು ಬರುತ್ತವೆ. ಅವನ್ನು ಗೆಲುವು, ಡ್ರಾ, ಸೋಲು ಅಂತ ಮೂರು ಕಾಲಂನಲ್ಲಿ ಬರೆದುಕೊಂಡೆ. ಈ ವರ್ಷದ್ದು ಆರೇ ಇರುವುದರಿಂದ ಇನ್ನೂ ಪ್ರಮಾಣ ತೆಗೆದಿಲ್ಲ. ಬರುವ ಭಾನುವಾರ ವಿದ್ಯಾನಗರದವರು ಗದಗಿಗೆ ಹೊರಟಿದ್ದಾರೆ. ನಾನು ಹೋಗುತ್ತಿದ್ದೇನೆ, ಕಾಕಾನೂ ಬರುತ್ತೇನೆ ಅಂದಿದ್ದಾರೆ.